ಕಾವು ಕೂರುವ ಕೋಳಿ

ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ಮೂರು ಕೆಲಸಗಳಿವೆ. ಒಲೆಯ ಮೇಲಿನ ನೀರು ಕಾಯುತ್ತದೆ. ಹೊಲದಂಚಿನ ಹುಡುಗ ದನ ಕಾಯುತ್ತಾನೆ. ಊರಿಗೆ ಹೊರಟವರು ಬಸ್ಸಿಗೆ ಕಾಯುತ್ತಾರೆ. ಬಿಸಿಯಾಗುವುದರ ಧಾತು ಬೇರೆ, ಕಾಪಾಡುವುದರ ಧಾತು ಬೇರೆ ಎಂದು ಭಾಷಾಶಾಸ್ತ್ರಜ್ಞರು ವಿಂಗಡಿಸುತ್ತಾರೆ. ಆದರೆ ಮೊಟ್ಟೆಗಳ ಮೇಲೆ ಕಾವು ಕೂತ ಕೋಳಿಯನ್ನು ಕಂಡವರಿಗೆ ಆ ವಿಂಗಡಣೆ ನೆನಪಿಗೆ ಬಾರದು. ಅದು 21 ದಿನಗಳ ಕಾಲ ಮೊಟ್ಟೆಗಳಿಗೆ ಬಿಸಿಯೂಡುತ್ತದೆ, ಅವನ್ನು ಕಾಪಾಡುತ್ತದೆ, ಮರಿಗಳನ್ನು ಎದುರುನೋಡುತ್ತದೆ. ಮೂರು ಅರ್ಥಗಳೂ ಒಂದು ಬಿದಿರ ಬುಟ್ಟಿಯೊಳಗೆ ಒಟ್ಟಿಗೆ ಕೂತಿರುತ್ತವೆ. ಇದನ್ನೇ ತಮಿಳು ‘ಅಡೈ ಕಾತ್ತಲ್’ ಎನ್ನುತ್ತದೆ. ಕನ್ನಡವು ಬಿಸಿಯನ್ನು ಮುಂದಿಟ್ಟರೆ ತಮಿಳು ಕಾವಲನ್ನು ಮುಂದಿಟ್ಟಿದೆ.

ಈ ಎರಡು ಮಾತುಗಳೂ ಒಂದೇ ಅಂಗಳದಲ್ಲಿ ಕೇಳಿಬರುವ ಸೀಮೆ ಓಮಲೂರಿನದು. ಪೂರ್ವಕ್ಕೆ ಏರ್ಕಾಡಿನ ಬೆಟ್ಟಸಾಲು, ಆ ಬೆಟ್ಟಗಳಲ್ಲಿ ಹುಟ್ಟಿ ಊರನ್ನು ಹಾದು ಕಾವೇರಿಗೆ ಸೇರುವ ಸರಬಂಗಾ ನದಿ, ಸೇಲಂನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ, ಮೇಟೂರಿನ ಅಣೆಕಟ್ಟಿನತ್ತ ಕವಲೊಡೆಯುವ ರೈಲುಹಾದಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸೇಲಂ ಹಾಗೂ ಬಾರಾಮಹಲ್ ಪ್ರದೇಶಗಳು ಮೈಸೂರಿನ ಕೈಯಿಂದ ಇಂಗ್ಲಿಷರಿಗೆ ಹೋದವು. ರಾಜ್ಯದ ಗಡಿ ಸರಿದರೂ ಮನೆಯೊಳಗಿನ ಮಾತು ಸರಿಯಲಿಲ್ಲ. ಸೇಲಂ, ಧರ್ಮಪುರಿ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಅಂಥ ಮನೆಯ ಮಗು ಅಜ್ಜಿಯೊಡನೆ ‘ಕೋಳಿ’ ಎನ್ನುತ್ತದೆ. ಶಾಲೆಗೆ ಹೋದೊಡನೆ ನಾಲಗೆಯನ್ನು ಹಿಂದಕ್ಕೆ ಮಡಿಸಿ ‘ಕೋೞಿ’ ಎನ್ನುತ್ತದೆ. ಹಳಗನ್ನಡದಲ್ಲಿಯೂ ಆ ಪದ ‘ಕೋೞಿ’ಯೇ ಆಗಿತ್ತು. ಕನ್ನಡದ ಬಾಯಿಂದ ೞಕಾರ ಜಾರತೊಡಗಿದ್ದರಿಂದಲೇ ಕೇಶಿರಾಜನು 13ನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರವಿರುವ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಕನ್ನಡ ಐಚ್ಛಿಕದ ವಿದ್ಯಾರ್ಥಿ ಪರೀಕ್ಷೆಗಾಗಿ ಕಷ್ಟಪಟ್ಟು ಕಲಿಯುವ ಆ ಧ್ವನಿಯನ್ನು ಓಮಲೂರಿನ ಮಗು ಕೋಳಿಯನ್ನು ಅಟ್ಟುತ್ತಲೇ ಉಚ್ಚರಿಸುತ್ತದೆ.

ಹುಂಜ ಎಂಬ ಮಾತೂ ಹಾಗೆಯೇ. ತೆಲುಗಿನವರು ‘ಪುಂಜು’ ಎನ್ನುವುದು ಕನ್ನಡದಲ್ಲಿ ಪಕಾರವು ಹಕಾರವಾಗಿ ‘ಹುಂಜ’ವಾಯಿತು. ತಮಿಳಿನ ‘ಪೆಟ್ಟೈ’, ತೆಲುಗಿನ ‘ಪೆಟ್ಟ’, ಕನ್ನಡದ ‘ಹೇಟೆ’ ಅಕ್ಕತಂಗಿಯರು. ಆಡುಮಾತಿನಲ್ಲಿ ಹೇಟೆ ‘ಹ್ಯಾಟೆ’ಯಾಗುತ್ತದೆ. ಈ ಪದಗಳು ಉಳಿದಿರುವುದು ನಿಘಂಟಿನ ದಯೆಯಿಂದಲ್ಲ, ಅಂಗಳದಲ್ಲಿ ಹ್ಯಾಟೆಯೂ ಹುಂಜವೂ ಬೇರೆಬೇರೆಯಾಗಿ ಕಣ್ಣಿಗೆ ಬೀಳುತ್ತಿರುವುದರಿಂದ. ಅಂಗಡಿಯ ತಕ್ಕಡಿಯ ಮೇಲೆ ಕೂರುವ ಬ್ರಾಯ್ಲರ್‌ಗೆ ಹೆಣ್ಣು, ಗಂಡು ಎಂಬ ಭೇದವಿಲ್ಲ. ಅದಕ್ಕೆ ಇರುವುದು ತೂಕವೊಂದೇ.

ಈ ಸೀಮೆಯ ಊರಕೋಳಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ‘ಸಿರುವಿಡೈ’ ಎಂಬುದು ಸಣ್ಣ ಮೈಯ, ಚುರುಕು ಕಾಲಿನ, ಮರಿಗಳನ್ನು ಚೆನ್ನಾಗಿ ಸಾಕುವ ಕೋಳಿ. ‘ಪೆರುವಿಡೈ’ ಎಂಬುದು ಎತ್ತರದ, ಎದೆ ಸೆಟೆದ, ಕಟ್ಟುಮಸ್ತಾದ ಕೋಳಿ. ಹೊರಗಿನವರು ಅಸೀಲ್ ಎನ್ನುವ ಕುಲಕ್ಕೆ ಸೇರಿದ್ದು. ಇವುಗಳ ನಡುವೆ ಅಲ್ಲಲ್ಲಿ ಬೋಳು ಕತ್ತಿನ ಕೋಳಿಯೂ ಕಾಣುತ್ತದೆ. ಅದರ ಕುತ್ತಿಗೆಯಲ್ಲಿ ಗರಿಯಿಲ್ಲದಿರುವುದು ರೋಗವಲ್ಲ, ಒಂದೇ ಒಂದು ವಂಶವಾಹಿಯ ಕೆಲಸ. ಮೈಮೇಲೆ ಗರಿ ಕಡಿಮೆಯಿರುವುದರಿಂದ ಏಪ್ರಿಲ್–ಮೇ ತಿಂಗಳ ಬಿಸಿಲನ್ನು ಅದು ಉಳಿದವುಗಳಿಗಿಂತ ಸುಲಭವಾಗಿ ತಾಳುತ್ತದೆ. ಹುಂಜಗಳಿಗೆ ಬಣ್ಣದ ಮೇಲೆ ಹೆಸರುಂಟು: ಕಪ್ಪಾದುದು ‘ಕಾಗಂ’, ಮುಂಗುಸಿಯ ಬಣ್ಣದ್ದು ‘ಕೀರಿ’, ನವಿಲಿನ ಛಾಯೆಯದು ‘ಮಯಿಲ್’. ತುಳುನಾಡಿನ ಕೋಳಿ ಅಂಕದವರು ಬೊಳ್ಳೆ, ಕೆಮ್ಮೈರೆ, ಕುಪ್ಪುಳೆ ಎಂದು ಹೆಸರಿಸುವಂತೆಯೇ ಇದು. ಎರಡು ಕಡಲುಗಳ ನಡುವೆ ಕೋಳಿಯ ಬಣ್ಣವನ್ನು ಇಷ್ಟು ಗಮನಿಸಿ ನೋಡಿದ ಜನ ಇದ್ದರು ಎಂಬುದು ಈ ಹೆಸರುಗಳಿಂದ ತಿಳಿಯುತ್ತದೆ.

ಪೆರುವಿಡೈಯನ್ನು ಕಾದುಕೊಂಡು ಬಂದದ್ದು ಕಾಳಗದ ಹುಚ್ಚು. ವಿಳುಪ್ಪುರಂ ಜಿಲ್ಲೆಯ ಅರಸಲಾಪುರದಲ್ಲಿ ಕಾದಾಡಿದ ಹುಂಜವೊಂದರ ನೆನಪಿಗೆ ನಿಲ್ಲಿಸಿದ ಪ್ರಾಚೀನ ವೀರಗಲ್ಲು ದೊರೆತಿದೆ. ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯ ಆತಕೂರು ಶಾಸನವನ್ನು ಓದಿರುವ ಕನ್ನಡ ವಿದ್ಯಾರ್ಥಿಗೆ ಇದು ಅಚ್ಚರಿಯಾಗದು. ಜೂಜಿನ ಕೋಳಿ ಕಾಳಗ ಇಂದು ಕಾನೂನಿಗೆ ವಿರುದ್ಧ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನು ಅಪರಾಧವೆಂದು ಎಣಿಸುತ್ತದೆ. ಆ ಹುಚ್ಚಿನ ಒಂದು ಪಾಲು ಈಗ ಪ್ರದರ್ಶನಗಳ ಕಡೆಗೆ ತಿರುಗಿದೆ. ಗಿಳಿಯ ಕೊಕ್ಕಿನಂಥ ಬಾಗು ಮೂತಿ, ನೆಲಕ್ಕೆ ಒರಗುವ ಬಾಲ ಇರುವ ‘ಕಿಳಿಮೂಕು’ ಹುಂಜಗಳನ್ನು ಮಕ್ಕಳಂತೆ ಸಾಕಿ ಸ್ಪರ್ಧೆಗೆ ಒಯ್ಯುತ್ತಾರೆ. ಅವುಗಳ ಬೆಲೆ ಸಾವಿರಗಳ ಲೆಕ್ಕದಲ್ಲಿ ನಡೆಯುತ್ತದೆ. ಇನ್ನೊಂದು ಸೋಜಿಗವೂ ಇದೆ. 19ನೆಯ ಶತಮಾನದಲ್ಲಿ ಭಾರತದ ಅಸೀಲ್ ಕೋಳಿಗಳು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಗೆ ಹೋಗಿ, ಅಲ್ಲಿ ಬೇರೆ ಕೋಳಿಗಳೊಡನೆ ಕೂಡಿ ‘ಕಾರ್ನಿಷ್’ ಎಂಬ ತಳಿಯಾಯಿತು. ಆ ಕಾರ್ನಿಷಿನ ರಕ್ತವೇ ಇಂದಿನ ಬ್ರಾಯ್ಲರಿನ ಗಂಡುಕುಲದಲ್ಲಿ ಹರಿಯುತ್ತಿದೆ. ಆರು ವಾರದಲ್ಲಿ ಎರಡು ಕಿಲೋ ತೂಗಿ ಓಮಲೂರಿನ ಅಂಗಡಿಯಲ್ಲಿ ನೇತಾಡುವ ಆ ಬಿಳಿಯ ಕೋಳಿ, ಎದುರುಬೀದಿಯ ಪೆರುವಿಡೈಗೆ ದೂರದ ನೆಂಟ.

ಸಿರುವಿಡೈಗೆ ಕಾಳಗವೂ ಇಲ್ಲ, ಪ್ರದರ್ಶನವೂ ಇಲ್ಲ. ಅದನ್ನು ಉಳಿಸಿದವರು ಮನೆಯ ಹೆಂಗಸರು.

ಸರಬಂಗಾ ಬಯಲಿನ ಒಂದು ಮನೆಯನ್ನು ನೋಡಬಹುದು. ಹುಣಸೆಮರ, ಕೊಟ್ಟಿಗೆ, ಕಡಲೆಕಾಯಿ ಒಣಗಹಾಕುವ ಕಣ, ಹಿಂದೆ ಎರಡು ಎಕರೆ ಹೊಲ. ಆ ಮನೆಯ ಅಜ್ಜಿಯ ಬಳಿ ಒಂದು ಹುಂಜ, ಏಳು ಹ್ಯಾಟೆ, ಲೆಕ್ಕಕ್ಕೆ ಸಿಗದಷ್ಟು ಮರಿ. ಹೊಲ ಗಂಡಸರ ಹೆಸರಿನಲ್ಲಿದೆ, ಹಸುವಿನ ಹಾಲಿನ ದುಡ್ಡು ಡೈರಿಯಿಂದ ಮಗನ ಖಾತೆಗೆ ಹೋಗುತ್ತದೆ, ಕೋಳಿ ಮಾತ್ರ ಅಜ್ಜಿಯದು. ಮೊಮ್ಮಗಳ ಪುಸ್ತಕ, ನೆಂಟರು ಬಂದ ದಿನದ ಸಾರು, ಹಬ್ಬದ ಬಳೆ, ಕಷ್ಟಕಾಲದ ಔಷಧ ಎಲ್ಲವೂ ಅದರಿಂದಲೇ. ಕೋಳಿಯನ್ನು ಮಾರುವಾಗ ಆಕೆ ಯಾರನ್ನೂ ಕೇಳಬೇಕಾಗಿಲ್ಲ. ‘ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ’ ಎಂಬ ಗಾದೆ ಕೋಳಿಗೆ ಹೇಗೋ, ಆ ಮನೆಯ ಗಂಡಸರಿಗೂ ಹಾಗೆಯೇ ಅನ್ವಯಿಸುತ್ತದೆ.

ಕಾವಿಗೆ ಕೂರಿಸುವುದು ಆಕೆಗೆ ಬಾಯಿಪಾಠ. ಹನ್ನೆರಡು ಹದಿನೈದು ಮೊಟ್ಟೆ ಇಟ್ಟ ಮೇಲೆ ಹ್ಯಾಟೆಯ ಸ್ವಭಾವ ಬದಲಾಗುತ್ತದೆ. ಗರಿ ಕೆದರಿಕೊಂಡು, ಗಂಟಲಲ್ಲಿ ಕೊರಗುಟ್ಟುತ್ತ, ಬರಿಯ ಗೂಡಿನಲ್ಲಿಯೂ ಕೂತು ಏಳಲೊಲ್ಲದು. ಆಗ ಬಿದಿರ ಮಂಕರಿಯಲ್ಲಿ ಬೂದಿಯನ್ನೂ ಹುಲ್ಲನ್ನೂ ಹಾಸಬೇಕು. ಬೂದಿಯಿದ್ದರೆ ಹೇನು ಹತ್ತದು. ಒಂದು ವಾರಕ್ಕಿಂತ ಹಳೆಯದಲ್ಲದ, ಬಿರುಕಿಲ್ಲದ, ತೀರ ಉದ್ದವೂ ತೀರ ಗುಂಡೂ ಅಲ್ಲದ ಹತ್ತೋ ಹನ್ನೆರಡೋ ಮೊಟ್ಟೆಗಳನ್ನು ಆಯಬೇಕು. ಸಣ್ಣ ಕೋಳಿಯ ಅಡಿಯಲ್ಲಿ ಹದಿನೈದು ಇಟ್ಟರೆ ಅಂಚಿನವು ತಣಿದುಹೋಗುತ್ತವೆ. ಮೊಟ್ಟೆಗಳ ಜೊತೆಗೆ ಒಂದು ಕಬ್ಬಿಣದ ತುಂಡು, ಒಂದು ಚೂರು ಇದ್ದಲು, ಒಣಮೆಣಸಿನಕಾಯಿ. ಗುಡುಗಿಗೆ ಮೊಟ್ಟೆ ಕೆಡದಿರಲೆಂಬ ನಂಬಿಕೆ ಅದು. ಕೋಳಿಯನ್ನು ಕೂರಿಸುವುದು ಸಂಜೆಗೆ. ಕತ್ತಲಲ್ಲಿ ಅದು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದರೆ ಒಳಗೆ ಜೇಡರಬಲೆಯಂತೆ ರಕ್ತನಾಳ ಕಾಣುತ್ತದೆ; ಕಾಣದ್ದು ಅಡುಗೆಮನೆಗೆ.

ಮುಂದಿನದೆಲ್ಲ ಕೋಳಿಯ ಪಾಂಡಿತ್ಯ. ಯಂತ್ರದಲ್ಲಿ ಮೊಟ್ಟೆ ಮರಿಯಾಗಲು ಸುಮಾರು 37.5 ಡಿಗ್ರಿ ಉಷ್ಣತೆ, ತಕ್ಕ ತೇವ, ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಾಯಿಸುವ ವ್ಯವಸ್ಥೆ ಬೇಕು. ಹ್ಯಾಟೆ ಎದೆಯಡಿಯ ಗರಿ ಉದುರಿಸಿಕೊಂಡು ಬರಿಯ ಚರ್ಮವನ್ನು ಮೊಟ್ಟೆಗೆ ಒತ್ತಿ, ಕೊಕ್ಕಿನಿಂದ ಅವನ್ನು ಹೊರಳಿಸುತ್ತ, ಇಷ್ಟನ್ನೂ ಮೀಟರಿಲ್ಲದೆ ನಡೆಸುತ್ತದೆ. ದಿನಕ್ಕೊಮ್ಮೆ ಎದ್ದು ಕಾಲು ಗಂಟೆಯಲ್ಲಿ ಕಾಳು, ನೀರು, ಮಣ್ಣಿನ ಸ್ನಾನ ಮುಗಿಸಿ ಓಡಿಬರುತ್ತದೆ. ಕೊನೆಯ ದಿನಗಳಲ್ಲಿ ಚಿಪ್ಪಿನೊಳಗಿಂದ ಮರಿ ಚೀಂಗುಟ್ಟಿದರೆ ತಾಯಿ ಮೆಲ್ಲನೆ ಓಗೊಡುತ್ತದೆ. ಒಡೆದು ಬಂದ ಮರಿಯ ಹೊಟ್ಟೆಯಲ್ಲಿ ಹಳದಿಯ ಉಳಿಕೆ ಇರುವುದರಿಂದ ಎರಡು ದಿನ ಅದಕ್ಕೆ ಮೇವು ಬೇಡ. ತಡವಾದ ಒಡಹುಟ್ಟುಗಳಿಗಾಗಿ ಕಾಯಲು ಅಷ್ಟು ಬಿಡುವು. ಆಮೇಲೆ ನುಚ್ಚು, ರಾಗಿ, ಎಲ್ಲಕ್ಕಿಂತ ಮಿಗಿಲಾಗಿ ಗೆದ್ದಲು. ಹಳೆಯ ಮಡಕೆಯಲ್ಲಿ ಗೋಣಿಯ ಚೂರು, ಒಣಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಸಂಜೆ ಹುತ್ತದ ಬಳಿ ಬೋರಲು ಹಾಕಿದರೆ ಬೆಳಗಿಗೆ ಮಡಕೆಯ ತುಂಬ ಗೆದ್ದಲು. ಮರಿಗಳಿಗೆ ಇದಕ್ಕಿಂತ ಒಳ್ಳೆಯ ಊಟವಿಲ್ಲ, ಅಜ್ಜಿಗೆ ಇದಕ್ಕಿಂತ ಅಗ್ಗದ ಮೇವಿಲ್ಲ.

ತಾಯಿಯ ಭಾಷೆಯೂ ಸಣ್ಣದಲ್ಲ. ಮೇಲೆ ಹದ್ದು ಸುಳಿದರೆ ಒಂದು ಕೂಗು, ನೆಲದ ಮೇಲೆ ಮುಂಗುಸಿಯೋ ಬೆಕ್ಕೋ ಬಂದರೆ ಬೇರೆ ಕೂಗು; ಕೋಳಿಗಳ ಕೂಗನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು ಇದನ್ನು ದೃಢಪಡಿಸಿದ್ದಾರೆ. ಮೊದಲ ಕೂಗಿಗೆ ಮರಿಗಳು ರೆಕ್ಕೆಯಡಿಗೋ ಪೊದೆಗೋ ನುಗ್ಗಿ ಅಲುಗದೆ ಕೂರುತ್ತವೆ. ಇಷ್ಟಾದರೂ ಹನ್ನೆರಡು ಮರಿಗಳಲ್ಲಿ ಆರು ಉಳಿದರೆ ಅಜ್ಜಿ ಅದನ್ನು ಒಳ್ಳೆಯ ವರ್ಷವೆನ್ನುತ್ತಾಳೆ. ಹದ್ದು, ಕಾಗೆ, ಬೀದಿನಾಯಿ, ಮಳೆ, ಎಲ್ಲರಿಗೂ ಪಾಲು. ಯಂತ್ರದ ಮರಿಗೆ ಕಲಿಸುವ ತಾಯಿಯಿಲ್ಲ. ಬಲೆ ಕಟ್ಟಿದ ಶೆಡ್ಡು ಅದಕ್ಕೆ ತಾಯಿಯಾಗಬೇಕು.

ಓಮಲೂರಿನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರು ಹೋದರೆ ನಾಮಕ್ಕಲ್. 1997ರವರೆಗೆ ಅದೂ ಸೇಲಂ ಜಿಲ್ಲೆಯ ಭಾಗವೇ. ಇಂದು ದೇಶದ ಮೊಟ್ಟೆಯ ಕಣಜಗಳಲ್ಲಿ ಅದು ಪ್ರಮುಖ. ಲಾರಿಗಟ್ಟಲೆ ಮೊಟ್ಟೆ ಅಲ್ಲಿಂದ ಶಾಲೆಗಳ ಊಟಕ್ಕೆ, ಕೇರಳಕ್ಕೆ, ಕಡಲಾಚೆಗೆ ಹೋಗುತ್ತದೆ. ಅಲ್ಲಿನ ಬಿಳಿಯ ಲೆಗ್‌ಹಾರ್ನ್ ಕುಲದ ಕೋಳಿ ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಅಜ್ಜಿಯ ಹ್ಯಾಟೆ ಮೂರು ನಾಲ್ಕು ಸರದಿಗಳಲ್ಲಿ ಇಡುವುದು 50ರಿಂದ 80. ಈ ಅಂತರಕ್ಕೆ ಮೇವು, ಬೆಳಕು, ಔಷಧಗಳ ಜೊತೆಗೆ ಇನ್ನೊಂದು ದೊಡ್ಡ ಕಾರಣವಿದೆ. ಕಾವು ಕೂರುವ ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಕೂರಲು 21 ದಿನ, ಮರಿಗಳನ್ನು ಬೆಳೆಸಲು ಎರಡು ತಿಂಗಳು. ಮೊಟ್ಟೆಯ ಲೆಕ್ಕದವನಿಗೆ ಇದು ಬರಿಯ ನಷ್ಟ. ಆದ್ದರಿಂದ ತಲೆಮಾರುಗಳ ಆಯ್ಕೆಯಿಂದ ಕಾವಿನ ಗುಣವನ್ನೇ ಆ ಕುಲದಿಂದ ಕಳೆದರು. ಕಡಿಮೆ ಬೆಲೆಗೆ ಕೋಟ್ಯಂತರ ಜನರಿಗೆ ಪೌಷ್ಟಿಕ ಆಹಾರ ದೊರೆತದ್ದು ಹಾಗೆಯೇ. ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಆ ಕೋಳಿಗೆ ತನ್ನ ಸಂತತಿಯನ್ನು ತಾನು ಮುಂದುವರಿಸುವ ಶಕ್ತಿಯಿಲ್ಲ. ಕರೆಂಟು ಹೋದರೆ ಅದರ ಕುಲವೂ ನಿಂತಿತು.

ಇವೆರಡರ ನಡುವಣ ದಾರಿಯಾಗಿ ಬಂದವು ಸುಧಾರಿತ ಹಿತ್ತಲಕೋಳಿಗಳು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ‘ಗಿರಿರಾಜ’, ಹೈದರಾಬಾದಿನ ‘ವನರಾಜ’ ಮುಂತಾದವು ಬಣ್ಣದಲ್ಲಿ ಊರಕೋಳಿಯಂತೆ ಕಂಡು, ಹೆಚ್ಚು ತೂಕವನ್ನೂ ಹೆಚ್ಚು ಮೊಟ್ಟೆಯನ್ನೂ ಕೊಡುತ್ತವೆ. ಎಷ್ಟೋ ಬಡಮನೆಗಳಿಗೆ ಅವು ಆಸರೆಯಾಗಿವೆ. ಆದರೆ ಅವು ಕಾವಿಗೆ ಕೂರುವುದು ಅಪರೂಪ. ಅವುಗಳ ಮರಿಗಳನ್ನೇ ಮುಂದಿನ ಪೀಳಿಗೆಗೆ ಇಟ್ಟುಕೊಂಡರೆ ಮೊದಲಿನ ಗುಣವೂ ಉಳಿಯದು. ಪ್ರತಿಸಲವೂ ಹ್ಯಾಚರಿಯಿಂದ ಹೊಸ ಮರಿ ತರಬೇಕು.

ಅಜ್ಜಿಯ ಮನೆಯಲ್ಲಿ ನಡೆದದ್ದು ಇದೇ. ದೊಡ್ಡ ಮೊಮ್ಮಗ ಪೇಟೆಯಿಂದ ಭಾರಿ ಮೈಯ ಹುಂಜವೊಂದನ್ನು ತಂದು ಅಂಗಳಕ್ಕೆ ಬಿಟ್ಟ. ಹಳೆಯ ಹುಂಜ ಹಬ್ಬದ ಸಾರಾಯಿತು. ಮುಂದಿನ ವರ್ಷದ ಮರಿಗಳು ನೋಡಲು ಚೆಂದ, ತೂಕಕ್ಕೆ ಚೆಂದ. ಅವು ಬೆಳೆದು ಮೊಟ್ಟೆಯಿಡತೊಡಗಿದಾಗ ಬುಟ್ಟಿ ಬೇಗ ಬೇಗ ತುಂಬಿತು. ಹಳೆಯ ಹ್ಯಾಟೆಯೊಂದು ಮಾತ್ರ ಎಂದಿನಂತೆ ಕಾವಿಗೆ ಬಂದು ಮೂಲೆ ಹಿಡಿಯಿತು. ಅದನ್ನು ತಣ್ಣೀರಲ್ಲಿ ಮುಳುಗಿಸಿ ಕಾವು ಬಿಡಿಸುವುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಮೊಮ್ಮಗ ನೀರು ತುಂಬಿದ ಬಕೆಟ್ಟಿನೊಡನೆ ಬಂದ.

“ಅಜ್ಜಿ, ಇದು ಮೂರು ವಾರ ಸುಮ್ನೆ ಕೂತಿರ್ತದೆ. ಮೊಟ್ಟೆಯೆಲ್ಲ ನಷ್ಟ.”

“ಸುಮ್ನೆ ಎಲ್ಲಿ ಕೂತದೆ ಮಗಾ, ಕೆಲಸ ಮಾಡ್ತಾ ಅದೆ. ನೀ ತಂದ ಹುಂಜದ ಹೆಣ್ಣುಮಕ್ಕಳಲ್ಲಿ ಒಂದಾದ್ರೂ ಕೂತದಾ, ನೋಡು. ಇದೂ ಏಳ್ಬಿಟ್ರೆ ಬರೋ ವರ್ಷ ಮರಿ ಯಾರ ಕೇಳ್ತೀಯ?”

ಮೊಮ್ಮಗ ಬಕೆಟ್ಟಿನ ನೀರನ್ನು ತೆಂಗಿನ ಬುಡಕ್ಕೆ ಹೊಯ್ದ. ಅವನು ಸೋತದ್ದು ವಾದದಿಂದಲ್ಲ, ಎಣಿಕೆಯಿಂದ. ಐದು ಹೊಸ ಹ್ಯಾಟೆಗಳಲ್ಲಿ ಒಂದು ಮಾತ್ರ ಕೂರಲು ನೋಡಿತ್ತು. ಅದೂ ಆರನೆಯ ದಿನ ಮೊಟ್ಟೆ ಬಿಟ್ಟು ಎದ್ದಿತ್ತು. ಕಾವಿನ ಗುಣ ವಂಶದಲ್ಲಿ ಬರುವಂಥದು. ಅದು ಕಳೆದದ್ದು ಒಂದೇ ದಿನ ತಿಳಿಯುವುದಿಲ್ಲ. ಅಂಗಳದ ತುಂಬ ಕೋಳಿಗಳಿರುವಾಗಲೇ ಕಳೆಯುತ್ತಿರುತ್ತದೆ.

ಆ ಬೇಸಿಗೆಯ ಹೊತ್ತಿಗೆ ಊರಿಗೆ ರೋಗ ಬಂತು. ತಮಿಳಿನಲ್ಲಿ ‘ವೆಳ್ಳೈ ಕಳಿಚ್ಚಲ್’, ಕರ್ನಾಟಕದಲ್ಲಿ ಕೊಕ್ಕರೆ ರೋಗ, ಪುಸ್ತಕದಲ್ಲಿ ರಾಣಿಕೇತ್. ಉತ್ತರದ ಆ ಗಿರಿಧಾಮದ ಹೆಸರು 1920ರ ದಶಕದಲ್ಲಿ ಈ ರೋಗಕ್ಕೆ ಅಂಟಿಕೊಂಡಿತು. ಹಸಿರು ಬೆರೆತ ಬಿಳಿ ಭೇದಿ, ತೂಕಡಿಕೆ, ತಿರುಚಿದ ಕತ್ತು. ಲಸಿಕೆ ಹಾಕಿಸದ ಅಂಗಳ ನಾಲ್ಕೈದು ದಿನಗಳಲ್ಲಿ ಬರಿದಾಗುತ್ತದೆ. ಮರಿಗೆ ಮೊದಲ ವಾರದಲ್ಲಿ ಹನಿ, ಎಂಟು ವಾರದ ಹೊತ್ತಿಗೆ ಸೂಜಿ. ಇಷ್ಟು ಮಾಡಿಸಿದರೆ ಸಾಕು. ಅಜ್ಜಿಯ ಮನೆಯವರು ಆ ವರ್ಷ ಅಷ್ಟನ್ನು ಮಾಡಿಸಿರಲಿಲ್ಲ. ಹೊಸ ಹುಂಜವೂ ಹಳೆಯ ಹ್ಯಾಟೆಯೂ ಒಂದೇ ಗುಂಡಿ ಸೇರಿದವು. ಊರಕೋಳಿಗೆ ರೋಗವೇ ಬರುವುದಿಲ್ಲ ಎಂಬ ಹೆಮ್ಮೆಯ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಈ ರೋಗದ ಮುಂದೆ ಅದು ನಿಲ್ಲುವ ಮಾತಲ್ಲ.

ಆದರೂ ಅಂಗಳ ಬರಿದಾಗಿ ಉಳಿಯಲಿಲ್ಲ. ಅದಕ್ಕೆ ಕಾರಣ ಈ ಸೀಮೆಯಲ್ಲೂ ಕರ್ನಾಟಕದಲ್ಲೂ ಇರುವ ಒಂದು ಹಳೆಯ ಏರ್ಪಾಡು: ಕೋಳಿಯನ್ನು ಪಾಲಿಗೆ ಕೊಡುವುದು. ಕೋಳಿಯಿಲ್ಲದ ಮನೆಗೆ ಒಂದು ಹ್ಯಾಟೆಯನ್ನು ಕೊಟ್ಟರೆ ಅವರು ಸಾಕಿ, ಬಂದ ಮರಿಗಳಲ್ಲಿ ಅರ್ಧ ಹಿಂದಿರುಗಿಸುತ್ತಾರೆ. ಮೂರು ವರ್ಷಗಳ ಹಿಂದೆ ಅಜ್ಜಿ ತನ್ನ ತಂಗಿಯ ಸೊಸೆಗೆ, ಧರ್ಮಪುರಿಯ ಕಡೆಯ ಹಳ್ಳಿಗೆ, ಇದೇ ಹ್ಯಾಟೆಯ ಮಗಳೊಂದನ್ನು ಕೊಟ್ಟಿದ್ದಳು. ಅದರ ಮೊಮ್ಮಕ್ಕಳು ಒಂದು ಬುಟ್ಟಿಯಲ್ಲಿ ಬಸ್ಸು ಹತ್ತಿ ಬಂದವು. ಅವುಗಳಲ್ಲಿ ಮೂರು ಹ್ಯಾಟೆ; ಆ ಮೂರೂ ಮುಂದೆ ಕಾವಿಗೆ ಕೂತವು.

ತಳಿಗಳನ್ನು ದಾಖಲಿಸಲು ದೇಶದಲ್ಲಿ ಸಂಸ್ಥೆಯಿದೆ. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಅಸೀಲ್, ಕಡಕ್‌ನಾಥ್, ಕರ್ನಾಟಕ–ಆಂಧ್ರದ ಘಾಗಸ್, ಕೇರಳದ ತಲಶೇರಿ ಮೊದಲಾದ ಕೋಳಿ ತಳಿಗಳನ್ನು ನೋಂದಾಯಿಸಿದೆ. ಮಧ್ಯಪ್ರದೇಶದ ಝಾಬುವಾ ಕಡಕ್‌ನಾಥಕ್ಕೆ 2018ರಲ್ಲಿ ಭೌಗೋಳಿಕ ಸೂಚ್ಯಂಕವೂ ದೊರೆತು, ಅದರ ಕಪ್ಪು ಮಾಂಸ ದೇಶದ ತುಂಬ ಹೆಸರಾಯಿತು. ಹೆಸರು ಬಂದರೆ ಬೆಲೆ ಬರುತ್ತದೆ, ಬೆಲೆ ಬಂದರೆ ಸಾಕುವವರು ಹುಟ್ಟುತ್ತಾರೆ. ಆದರೆ ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ತಳಿ ಉಳಿಯುವುದಿಲ್ಲ, ಸೇರದ ಮಾತ್ರಕ್ಕೆ ಅಳಿಯುವುದೂ ಇಲ್ಲ. ಅಜ್ಜಿ ಒಂದು ಹ್ಯಾಟೆಯನ್ನು ಅರುವತ್ತು ಕಿಲೋಮೀಟರು ಆಚೆಗೆ ಪಾಲಿಗೆ ಕೊಟ್ಟಾಗ ಮಾಡಿದ್ದು ಸಂರಕ್ಷಣೆಯ ಕೆಲಸವೇ. ಒಂದು ಅಂಗಳದ ಸಾವು ಇನ್ನೊಂದು ಅಂಗಳವನ್ನು ಮುಟ್ಟದಷ್ಟು ದೂರದಲ್ಲಿ ಅದೇ ರಕ್ತ ಬೆಳೆಯುತ್ತಿತ್ತು. ಎಲ್ಲರೂ ಹ್ಯಾಚರಿಯಿಂದಲೇ ಮರಿ ಕೊಳ್ಳತೊಡಗಿದ ಊರಿನಲ್ಲಿ ಪಾಲಿಗೆ ಕೊಡಲು ಏನೂ ಇರುವುದಿಲ್ಲ. ಕೋಳಿಯೊಡನೆ ಮನೆಮನೆಯ ನಡುವಣ ಆ ಕೊಡುಕೊಳೆಯೂ ನಿಲ್ಲುತ್ತದೆ.

ಇದರಲ್ಲಿ ಕೋಳಿಯ ಬಗೆಗಿನ ಕರುಣೆಯನ್ನು ಹೆಚ್ಚಾಗಿ ಕಲ್ಪಿಸಬೇಕಾಗಿಲ್ಲ. ಆಡಿ ತಿಂಗಳಲ್ಲಿ ಮಾರಿಯಮ್ಮನ ಹಬ್ಬ ಬಂದರೆ ಹರಕೆಯ ಹುಂಜ ಹೊರಡುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಯಶೋಧರನೂ ಚಂದ್ರಮತಿಯೂ ಜನ್ಮಜನ್ಮಾಂತರ ತೊಳಲಿ, ಕಡೆಗೆ ತಾವೇ ಕೋಳಿಗಳಾಗಿ ಹುಟ್ಟಿದ ಕಥೆಯನ್ನು ಜನ್ನ 1209ರಲ್ಲಿ ಹೇಳಿದ್ದಾನೆ. ಅಜ್ಜಿ ಅದನ್ನು ಓದಿದವಳಲ್ಲ. ಆದರೆ ಹರಕೆಗೆ ಹುಂಜ ಆಯುವಾಗ ಆಕೆ ಒಂದು ನಿಯಮ ತಪ್ಪುವುದಿಲ್ಲ: ಒಳ್ಳೆಯ ತಾಯಿಯ ಹೊಟ್ಟೆಯ ಹುಂಜ ಅಂಗಳದಲ್ಲಿ ಉಳಿಯಬೇಕು, ಉಳಿದದ್ದು ದೇವರಿಗೂ ನೆಂಟರಿಗೂ. ಎರಡು ಮೂರು ವರ್ಷಕ್ಕೊಮ್ಮೆ ಆ ಹುಂಜವನ್ನೂ ಬೇರೆ ಊರಿನ ಹುಂಜದೊಡನೆ ಬದಲಾಯಿಸಬೇಕು, ಇಲ್ಲವಾದರೆ ರಕ್ತ ರಕ್ತಕ್ಕೇ ಸೇರಿ ಮರಿ ಬಡವಾಗುತ್ತದೆ. ತಳಿಶಾಸ್ತ್ರದ ಎರಡು ಪಾಠಗಳನ್ನು ಆಕೆ ಇಷ್ಟರಲ್ಲಿ ಮುಗಿಸುತ್ತಾಳೆ.

ಈಗ ಆ ಮನೆಯಲ್ಲಿ ಮರಿಗಳಿಗೆ ಲಸಿಕೆ ತಪ್ಪುವುದಿಲ್ಲ. ಅದು ಮೊಮ್ಮಗನ ಕೆಲಸ. ಮೊಟ್ಟೆ ಮಾರಲು ಅವನು ಬೇರೆ ಗೂಡಿನಲ್ಲಿ ಸುಧಾರಿತ ಕೋಳಿಗಳನ್ನೂ ಸಾಕಿದ್ದಾನೆ, ಆದರೆ ಆ ಹುಂಜ ಅಂಗಳಕ್ಕೆ ಬರದಂತೆ ಬಲೆ ಕಟ್ಟಿದ್ದಾನೆ. ಕಾವಿಗೆ ಬಂದ ಹ್ಯಾಟೆಯನ್ನು ಎಬ್ಬಿಸುವವರಿಲ್ಲ. ಕಾಲೇಜಿನಲ್ಲಿ ಓದುವ ಮೊಮ್ಮಗಳು ಅಜ್ಜಿಯ ಕೋಳಿಮಾತುಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆಯತೊಡಗಿದ್ದಾಳೆ: ಹ್ಯಾಟೆ, ಪಿಳ್ಳೆ, ಮಂಕರಿ, ಕಾವು, ಪಾಲು. ಪ್ರತಿಯೊಂದರ ಎದುರಿಗೆ ತಮಿಳಿನ ಮಾತು. ಅಜ್ಜಿ ಮಾತ್ರ ಈ ವರ್ಷ ಎರಡು ಹ್ಯಾಟೆಗಳನ್ನು ಪಾಲಿಗೆ ಕೊಟ್ಟಿದ್ದಾಳೆ. ಒಂದು ಮೇಟೂರಿನ ದಾರಿಯ ಒಂದು ಮನೆಗೆ, ಇನ್ನೊಂದು ಬೆಟ್ಟದ ಬುಡದ ಹಳ್ಳಿಗೆ.